ಬಡವರಿಗೆ ಮಾತ್ರ ಎಂಬ ಔದಾರ್ಯ

ಸರಕಾರದ ಉಚಿತ ಯೋಜನೆಗಳ ಕುರಿತು ನಮ್ಮಲ್ಲಿ ಚರ್ಚೆ ಎದ್ದಾಗಲೆಲ್ಲ ಎರಡು ವಾದಗಳು ಕೇಳಿಬರುತ್ತವೆ. ಉಚಿತವಾಗಿ ಕೊಟ್ಟರೆ ಜನರು ಸೋಮಾರಿಗಳಾಗುತ್ತಾರೆ ಎಂಬುದು ಒಂದು. ಕೊಡಲಿ, ಆದರೆ ಅರ್ಹ ಬಡವರಿಗೆ ಮಾತ್ರ ಕೊಡಲಿ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರಿಸುವವರು ಬೇಕಾದಷ್ಟಿದ್ದಾರೆ. ಎರಡನೆಯದು ನ್ಯಾಯದ ಉಡುಪು ತೊಟ್ಟು ಬರುವುದರಿಂದ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ನಮ್ಮ ಆಕ್ಷೇಪವಿರುವುದು ಅದರ ಮೇಲೆಯೇ.

ಅಮೆರಿಕದ ಒಂದು ಉದಾಹರಣೆಯನ್ನು ನೋಡಿ. 1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಒಂದೇ ಕಾನೂನಿಗೆ ಸಹಿ ಹಾಕಿ ಎರಡು ಯೋಜನೆಗಳಿಗೆ ಜನ್ಮ ಕೊಟ್ಟರು. ಒಂದು ಮೆಡಿಕೇರ್, 65 ವರ್ಷ ದಾಟಿದವರಿಗೆ, ಅವರು ಕಾರ್ಮಿಕರಿರಲಿ, ಕಾರ್ಖಾನೆಯ ಮಾಲಕರಿರಲಿ. ಇನ್ನೊಂದು ಮೆಡಿಕೇಡ್, ಬಡವರಿಗೆ ಮಾತ್ರ. ಅವಳಿ ಮಕ್ಕಳು. ಆದರೆ ಬೆಳೆದ ರೀತಿ ಬೇರೆ. ಮೆಡಿಕೇಡ್ ವೈದ್ಯರಿಗೆ ಕೊಡುವ ಶುಲ್ಕ ಕಡಿಮೆ. ಆದ್ದರಿಂದಲೇ ಅದರ ಕಾರ್ಡು ಹಿಡಿದು ಬಂದ ರೋಗಿಯನ್ನು ಸೇರಿಸಿಕೊಳ್ಳಲು ಅನೇಕ ವೈದ್ಯರು ಒಪ್ಪುವುದಿಲ್ಲ. ಮೆಡಿಕೇರನ್ನು ಮುಟ್ಟುವುದಿಲ್ಲ ಎಂದು ಚುನಾವಣೆಗೆ ನಿಂತವರೆಲ್ಲ ಆಣೆ ಹಾಕುತ್ತಾರೆ. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾನೂನಿನಲ್ಲಿ ದೊಡ್ಡ ಕತ್ತರಿ ಬಿದ್ದದ್ದು ಮೆಡಿಕೇಡ್‌ಗೆ. ತಿಂಗಳಿಗೆ 80 ಗಂಟೆ ದುಡಿದದ್ದಕ್ಕೆ ಪುರಾವೆ ತನ್ನಿ ಎಂಬ ಷರತ್ತನ್ನು ಹೇರಿದ್ದೂ ಅದರ ಫಲಾನುಭವಿಗಳ ಮೇಲೆಯೇ. ಧ್ವನಿಯಿಲ್ಲದವರ ಯೋಜನೆಯನ್ನು ಕತ್ತರಿಸಲು ಧೈರ್ಯ ಬೇಕಾಗುವುದಿಲ್ಲ.

ಇನ್ನು ಬ್ರಿಟನ್. ಗಣಿ ಕಾರ್ಮಿಕನಾಗಿ ದುಡಿದು ಮಂತ್ರಿಯಾದ ಅನ್ಯೂರಿನ್ ಬೆವನ್ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದಾಗ ಆದಾಯ ಎಷ್ಟೆಂದು ಯಾರನ್ನೂ ಕೇಳಲಿಲ್ಲ. ಖರ್ಚು ತೆರಿಗೆಯಿಂದ, ಚಿಕಿತ್ಸೆ ಎಲ್ಲರಿಗೂ. 1951ರಲ್ಲಿ ಅವರದೇ ಪಕ್ಷದ ಸರಕಾರ ಕೃತಕ ಹಲ್ಲು ಮತ್ತು ಕನ್ನಡಕಕ್ಕೆ ಶುಲ್ಕ ವಿಧಿಸಲು ಹೊರಟಾಗ ಅವರು ರಾಜೀನಾಮೆ ಕೊಟ್ಟು ಹೊರಬಂದರು. ಕನ್ನಡಕಕ್ಕಾಗಿ ಮಂತ್ರಿ ಪದವಿ ಬಿಡುವುದೇ ಎಂದು ನಗುವವರಿರಬಹುದು. ಮೊದಲ ಬಿರುಕು ಎಲ್ಲಿ ಬೀಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಸ್ವೀಡನ್ ಕೂಡ ಅದೇ 1948ರಲ್ಲಿ ಮಕ್ಕಳ ಭತ್ಯೆಯನ್ನು ಆದಾಯ ನೋಡದೆ ಎಲ್ಲ ಕುಟುಂಬಗಳಿಗೂ ಕೊಡತೊಡಗಿತು. ಶ್ರೀಮಂತನಿಗೇಕೆ ಎಂದು ಕೇಳಬಹುದು. ಅವನಿಂದ ತೆರಿಗೆಯ ರೂಪದಲ್ಲಿ ಅದಕ್ಕಿಂತ ಹೆಚ್ಚನ್ನು ವಸೂಲು ಮಾಡುವ ದಾರಿ ಸರಕಾರಕ್ಕಿದೆ. ಆದರೆ ಒಮ್ಮೆ ಸಾಲಿನಿಂದ ಹೊರಗೆ ಹೋದ ಶ್ರೀಮಂತ, ಆ ಸಾಲು ಚಲಿಸುತ್ತಿದೆಯೋ ಇಲ್ಲವೋ ಎಂದು ಮತ್ತೆ ತಿರುಗಿ ನೋಡುವುದಿಲ್ಲ.

ಹಾಗೆಂದು ಆ ದೇಶಗಳು ಸ್ವರ್ಗ ಎಂದು ನಾವು ಹೇಳುತ್ತಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡ್‌ನಲ್ಲಿ ಚಿಕಿತ್ಸೆಗೆ ಕಾಯುತ್ತಿದ್ದ ಪ್ರಕರಣಗಳು 75 ಲಕ್ಷವನ್ನೂ ಮೀರಿದ್ದವು. 1992ರ ಬಳಿಕ ಸ್ವೀಡನ್ ತೆರಿಗೆಯ ಹಣದಲ್ಲಿ ಲಾಭಕೋರ ಕಂಪೆನಿಗಳಿಗೂ ಶಾಲೆ ನಡೆಸಲು ಬಿಟ್ಟು, ಮಕ್ಕಳನ್ನು ವರ್ಗವಾರು ಬೇರ್ಪಡಿಸಿದ ಆರೋಪವನ್ನು ಹೊತ್ತುಕೊಂಡಿದೆ. ಆದರೂ ಇಂಗ್ಲೆಂಡ್‌ನಲ್ಲಿ ಆ 75 ಲಕ್ಷ ಎಂಬ ಅಂಕೆ ಪ್ರಧಾನಿಯ ನಿದ್ದೆಗೆಡಿಸುತ್ತದೆ. ನಮ್ಮ ಜಿಲ್ಲಾಸ್ಪತ್ರೆಯ ವರಾಂಡದಲ್ಲಿ ಚಾಪೆ ಹಾಸಿ ಮಲಗಿದವರ ಲೆಕ್ಕ ಯಾರ ನಿದ್ದೆಯನ್ನು ಕೆಡಿಸಿದೆ?

ನಾವು ಆಯ್ದುಕೊಂಡದ್ದು ಕಾರ್ಡಿನ ದಾರಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ವಿಮೆಯು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಖರ್ಚನ್ನು ಭರಿಸುತ್ತದೆ. ಒಳ್ಳೆಯದೇ. ಆದರೆ ದಾಖಲಾದರೆ ಮಾತ್ರ. ಸಕ್ಕರೆ ಕಾಯಿಲೆಯ ಮುದುಕಿ ತಿಂಗಳು ತಿಂಗಳು ಕೊಳ್ಳುವ ಮಾತ್ರೆಯ ಚೀಟಿಗೆ ಅದು ಅನ್ವಯಿಸುವುದಿಲ್ಲ. 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ, ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 39.4ರಷ್ಟನ್ನು ಜನರು ತಮ್ಮ ಜೇಬಿನಿಂದಲೇ ಕೊಟ್ಟಿದ್ದಾರೆ. ಸರಕಾರಗಳೆಲ್ಲ ಸೇರಿ ಮಾಡಿದ ಖರ್ಚು ಜಿಡಿಪಿಯ ಶೇ. 1.84. 2025ರೊಳಗೆ ಶೇ. 2.5 ಮುಟ್ಟುತ್ತೇವೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಬರೆದುಕೊಂಡಿತ್ತು.

ಶಾಲೆಯ ಕತೆಯೂ ಇದೇ. ಸರಕಾರದಿಂದ ಸಂಬಳ ಪಡೆಯುವವರ ಮತ್ತು ಜನಪ್ರತಿನಿಧಿಗಳ ಮಕ್ಕಳು ಸರಕಾರಿ ಶಾಲೆಯಲ್ಲೇ ಓದುವಂತೆ ಮಾಡಿ ಎಂದು 2015ರ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟು ಆದೇಶಿಸಿತು. ಆದೇಶ ಕಡತದಲ್ಲೇ ಉಳಿಯಿತು. ಅಷ್ಟಕ್ಕೂ ಅದನ್ನು ಜಾರಿಗೆ ತರಬೇಕಾಗಿದ್ದವರು ಯಾರು? ಆ ಮಕ್ಕಳ ಹೆತ್ತವರೇ ಅಲ್ಲವೇ?

ಕರ್ನಾಟಕದಲ್ಲಿ 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯನ್ನು ಈ ದೃಷ್ಟಿಯಿಂದ ಯಾರೂ ನೋಡಲಿಲ್ಲ. ಅದು ಮಹಿಳೆಯ ಆದಾಯವನ್ನು ಕೇಳುವುದಿಲ್ಲ. ಅಧ್ಯಾಪಕಿಗೂ ಟಿಕೆಟ್ ಇಲ್ಲ, ಮನೆಕೆಲಸದವಳಿಗೂ ಇಲ್ಲ. 'ಸಂಬಳ ಬರುವವರಿಗೇಕೆ' ಎಂದು ಗೇಲಿ ಮಾಡಿದವರಿಗೆ ನಮ್ಮದೊಂದು ಪ್ರಶ್ನೆಯಿದೆ. ಬಸ್ಸು ಬಾರದ ದಿನ ಡಿಪೋಗೆ ಫೋನು ಮಾಡಿ ದಬಾಯಿಸುವ ಧೈರ್ಯವಿರುವುದು ಇವರಿಬ್ಬರಲ್ಲಿ ಯಾರಿಗೆ?