ತಳ್ಳಿದರೂ ಅದು ಸೈಕಲ್ ಸವಾರಿಯೇ

ನಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡ್ ಹೆಸರಿಗೆ ಮಾತ್ರ ಸೈಕಲ್ ಸ್ಟ್ಯಾಂಡ್. ಕಳೆದ ವಾರ ಒಂದು ದಿನ ನಿಂತು ಎಣಿಸಿದೆ. ಸ್ಕೂಟರ್ ಮತ್ತು ಬೈಕ್ 46, ಸೈಕಲ್ 9. (ಆ 46ರಲ್ಲಿ ಲೈಸೆನ್ಸ್ ಇರುವವರು ಎಷ್ಟು ಎಂದು ನಾನು ಕೇಳುವುದಿಲ್ಲ, ಅದು ಪ್ರಿನ್ಸಿಪಾಲ್ ಸರ್ ಕೇಳಬೇಕಾದ ಪ್ರಶ್ನೆ.) ಒಂಬತ್ತು ಸೈಕಲ್‌ಗಳಲ್ಲಿ ಹುಡುಗಿಯದು ಒಂದೇ, ನನ್ನದು. ಹೈಸ್ಕೂಲಿನಲ್ಲಿ ನನ್ನ ತರಗತಿಯ ಅರ್ಧಕ್ಕೂ ಹೆಚ್ಚು ಹುಡುಗಿಯರು ಸೈಕಲ್ ತುಳಿದುಕೊಂಡೇ ಬರುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿದ ಎರಡು ತಿಂಗಳ ರಜೆಯಲ್ಲಿ ಅವೆಲ್ಲ ಎಲ್ಲಿ ಮಾಯವಾದವು?

ಈ ವರ್ಷದ ಪ್ರವಾಸದ ವಿಷಯ ಬಂದಾಗ ನಾನೊಂದು ಸಲಹೆ ಕೊಟ್ಟೆ. ಬಸ್ ಪ್ರವಾಸ ಇರಲಿ, ಅದರ ಜೊತೆಗೆ ಬೆಟ್ಟಕ್ಕೆ ಎರಡು ದಿನದ ಸೈಕಲ್ ಪ್ರವಾಸವೂ ಇರಲಿ, ರಾತ್ರಿ ಡೇರೆಯಲ್ಲಿ ಮಲಗೋಣ, ಹುಡುಗಿಯರೂ ಬರಲಿ ಎಂದೆ. ಮೊದಲು ಎಲ್ಲರೂ ನಕ್ಕರು. ಆಮೇಲೆ ಒಬ್ಬ, "ಅದೆಲ್ಲ ಬೆಂಗಳೂರಿನ ಐಟಿಯವರ ಶೋಕಿ, ಗೇರ್ ಸೈಕಲ್‌ಗೇ ಐವತ್ತು ಸಾವಿರ ಬೇಕು" ಎಂದ. ಇನ್ನೊಬ್ಬಳು ಮೆಲ್ಲಗೆ, "ನಮ್ಮ ಮನೆಯಲ್ಲಿ ಕಳಿಸಲ್ಲ ಕಣೇ" ಎಂದಳು. ಮೊದಲನೆಯ ಮಾತಿಗೆ ಉತ್ತರ ಸುಲಭ. ಎರಡನೆಯದು ನಿಜವಾದ ಮಾತು, ಅದಕ್ಕಾಗಿಯೇ ಈ ಲೇಖನ.

ಕಳೆದ ಡಿಸೆಂಬರ್‌ನಲ್ಲಿ ನಾನು, ಅಬ್ಬಾ, ತಮ್ಮ ಮತ್ತು ಖಾಲಾರ ಮಗಳು ನಾಲ್ವರೂ ಕಡೂರಿನಿಂದ ಬಾಬಾ ಬುಡನ್‌ಗಿರಿ ಸಾಲಿನ ಅತ್ತಿಗುಂಡಿಯವರೆಗೆ ಸೈಕಲ್‌ನಲ್ಲಿ ಹೋಗಿ, ಡೇರೆ ಹಾಕಿ ಮಲಗಿ, ಮರುದಿನ ಇಳಿದು ಬಂದೆವು. ನಾಲ್ಕು ಸೈಕಲ್‌ಗಳಲ್ಲಿ ಒಂದಕ್ಕೂ ಗೇರ್ ಇರಲಿಲ್ಲ. ನನ್ನದು ಆಪಾಗೆ ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟದ್ದು. 2006-07ರಲ್ಲಿ ಶುರುವಾದ ಆ ಯೋಜನೆ ಕೋವಿಡ್ ಸಮಯದಲ್ಲಿ ನಿಂತುಹೋದದ್ದರಿಂದ ನನ್ನ ಪಾಲಿಗೆ ಬರಲಿಲ್ಲ, ಆಪಾಳದೇ ಬಂತು. ಅಕೌಂಟೆನ್ಸಿ ಪ್ರಕಾರ ಸವಕಳಿ ಕಳೆದರೆ ಅದರ ಪುಸ್ತಕ ಮೌಲ್ಯ ಎಂದೋ ಸೊನ್ನೆಯಾಗಿದೆ. ಆದರೂ ಬೆಟ್ಟ ಹತ್ತಿತು.

ಹತ್ತಿತು ಅಂದರೆ, ಹತ್ತಿಸಿದೆವು. ಕಡೂರಿನಿಂದ ಸಖರಾಯಪಟ್ಟಣದ ಮೇಲೆ ಚಿಕ್ಕಮಗಳೂರಿಗೆ ಸುಮಾರು 40 ಕಿಲೋಮೀಟರ್. ಅದೂ ನಿಧಾನವಾಗಿ ಏರುವ ದಾರಿಯೇ, ಬಸ್ಸಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ, ತೊಡೆಗೆ ಗೊತ್ತಾಗುತ್ತದೆ. ಫಜರ್ ನಮಾಜ್ ಮುಗಿಸಿ ಹೊರಟವರು ಹತ್ತೂವರೆಗೆ ಚಿಕ್ಕಮಗಳೂರು ಸೇರಿದೆವು. ಅಲ್ಲಿಂದ ಕೈಮರದವರೆಗೆ ತುಳಿದೆವು. ಕೈಮರ ದಾಟಿದ ಮೇಲೆ ತುಳಿದದ್ದು ಕಡಿಮೆ, ತಳ್ಳಿದ್ದೇ ಹೆಚ್ಚು. ಗೇರಿಲ್ಲದ ಸೈಕಲ್‌ನಲ್ಲಿ ಪೆಡಲ್ ಒಂದು ಸುತ್ತು ಸುತ್ತಿದರೆ ಚಕ್ರ ಎರಡಕ್ಕೂ ಹೆಚ್ಚು ಸುತ್ತು ತಿರುಗಬೇಕು. ಘಾಟಿಯ ಏರಿನಲ್ಲಿ, ಹಿಂದೆ ಗಂಟು ಕಟ್ಟಿಕೊಂಡು, ಮನುಷ್ಯರ ಕಾಲಿಗೆ ಅದು ಆಗದ ಕೆಲಸ. ಹಾಗಾಗಿ ಇಳಿದು ತಳ್ಳಬೇಕು. ತಳ್ಳುವಾಗ ಗಂಟೆಗೆ ಮೂರು ಕಿಲೋಮೀಟರ್ ಕೂಡ ಸಾಗುವುದಿಲ್ಲ. ಕವಿಕಲ್ ಗಂಡಿಯ ಹತ್ತಿರ ಕಾರಿನಿಂದ ತಲೆ ಹೊರಗೆ ಹಾಕಿದ ಒಬ್ಬರು, "ಸೈಕಲ್ ತಂದು ತಳ್ಳೋದಾದ್ರೆ ಯಾಕೆ ತರಬೇಕು?" ಎಂದು ಕೇಳಿದರು. ತಮ್ಮ ಕೋಪದಿಂದ ಏನೋ ಹೇಳಲು ಹೊರಟಿದ್ದ, ಅಬ್ಬಾ ತಡೆದರು.

ಆ ಪ್ರಶ್ನೆಗೆ ಉತ್ತರ ನಮ್ಮ ಅಬ್ಬಾರ ಹಳೆಯ ಕಸುಬಿನಲ್ಲೇ ಇದೆ. ಅಂಗಡಿ ಇಡುವ ಮೊದಲು ಅಬ್ಬಾ ಹತ್ತು ವರ್ಷ ಸೈಕಲ್ ಮೇಲೆ ಬಟ್ಟೆ ಗಂಟು ಹೇರಿಕೊಂಡು ಹಳ್ಳಿ ಹಳ್ಳಿ ತಿರುಗಿ ಸೀರೆ, ಲಂಗ, ಟವೆಲ್ ಮಾರಿದವರು. ದಿನಕ್ಕೆ ನಲವತ್ತು, ಐವತ್ತು ಕಿಲೋಮೀಟರ್. ಏರು ಬಂದರೆ ಇಳಿದು ತಳ್ಳುವುದು, ಕತ್ತಲಾದರೆ ಗಿರಾಕಿಗಳ ಮನೆ ಜಗುಲಿಯಲ್ಲೋ ಮಸೀದಿಯಲ್ಲೋ ಮಲಗುವುದು. ನಿಮ್ಮಲ್ಲೂ ಎಷ್ಟೋ ಜನರ ಅಬ್ಬಾ, ದಾದಾ, ಮಾಮು ಹೀಗೆಯೇ ಐಸ್ ಕ್ಯಾಂಡಿ, ಮೀನು, ಹಳೆ ಕಬ್ಬಿಣ, ಪ್ಲಾಸ್ಟಿಕ್ ಕೊಡ ಎಂದು ಊರೂರು ಸುತ್ತಿರುತ್ತಾರೆ. ಅದಕ್ಕೆ ಯಾರೂ ಟೂರಿಂಗ್ ಎಂದು ಹೆಸರಿಡಲಿಲ್ಲ, ಫೋಟೋ ತೆಗೆಯಲಿಲ್ಲ, ಅಷ್ಟೇ. ದೂರದ ಸೈಕಲ್ ಪ್ರಯಾಣ ಐಟಿಯವರ ಶೋಕಿ ಎನ್ನುವವರು ಒಮ್ಮೆ ಮನೆಯಲ್ಲಿ ವಿಚಾರಿಸಿ ನೋಡಬೇಕು.

ನಾವು ಸಾಮಾನು ಕಟ್ಟಿದ್ದೂ ಅಬ್ಬಾ ಕಲಿಸಿದ ಹಾಗೆ. ಭಾರದ ವಸ್ತು ಕ್ಯಾರಿಯರ್‌ಗೆ ತಾಗುವಂತೆ ತಳದಲ್ಲಿ, ಹಗುರವಾದದ್ದು ಮೇಲೆ, ಎರಡೂ ಬದಿ ಸಮ. ಗಂಟು ಎತ್ತರವಾದರೆ ತಿರುವಿನಲ್ಲಿ ಸೈಕಲ್ ವಾಲುತ್ತದೆ. ಹಗ್ಗಕ್ಕಿಂತ ಹಳೆ ಟ್ಯೂಬನ್ನು ಉದ್ದಕ್ಕೆ ಸೀಳಿದ ಪಟ್ಟಿ ಒಳ್ಳೆಯದು, ದಾರಿಯ ಕುಲುಕಾಟಕ್ಕೆ ಸಡಿಲವಾಗುವುದಿಲ್ಲ. ಪಂಕ್ಚರ್ ಅಂಗಡಿಯವರು ಅದನ್ನು ಪುಕ್ಕಟೆ ಕೊಡುತ್ತಾರೆ.

ಖರ್ಚಿನ ಲೆಕ್ಕ ಹೇಳದಿದ್ದರೆ ಕಾಮರ್ಸ್ ವಿದ್ಯಾರ್ಥಿನಿ ಎನ್ನಿಸಿಕೊಳ್ಳಲಾರೆ. ನಾಲ್ಕು ಸೈಕಲ್‌ಗಳ ಬ್ರೇಕ್ ಶೂ, ಎರಡು ಟ್ಯೂಬ್, ಎಣ್ಣೆ ಸೇರಿ 780 ರೂಪಾಯಿ. ಎರಡು ಡೇರೆಗಳ ಎರಡು ದಿನದ ಬಾಡಿಗೆ 600. ಊಟ, ಚಹಾ, ಬಾಳೆಹಣ್ಣು 910. ಒಟ್ಟು 2,290, ತಲೆಗೆ ಸುಮಾರು 573. ಹೆಲ್ಮೆಟ್ ಕೇಳಿ ತಂದದ್ದು. ಕಳೆದ ವರ್ಷದ ಬಸ್ ಪ್ರವಾಸಕ್ಕೆ ಒಬ್ಬರಿಗೆ 2,400 ಇತ್ತು, ನನ್ನ ಬೆಂಚಿನ ಮೂವರಲ್ಲಿ ಇಬ್ಬರು ಹೋಗಲಿಲ್ಲ. ಕಾರಣ ಹೊಟ್ಟೆನೋವು ಎಂದು ಹೇಳಿದರು. ಏನು ಹೊಟ್ಟೆನೋವು ಎಂದು ನಮಗೆಲ್ಲ ಗೊತ್ತಿತ್ತು.

ಇನ್ನು ಎರಡನೆಯ ಮಾತು. "ಲೋಗಾಂ ಕ್ಯಾ ಬೋಲೇಂಗೆ?" ಎಂದು ನಮ್ಮ ಮನೆಯಲ್ಲೂ ಕೇಳಿದರು. ಕೇಳಿದ್ದು ಅಬ್ಬಾ ಅಲ್ಲ, ನಾನಿ. ಜನ ಏನನ್ನುತ್ತಾರೆ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ, ಜನ ಏನಾದರೂ ಅನ್ನುತ್ತಾರೆ. ಆದರೆ ಅಮ್ಮಿ ಕೇಳಿದ ಪ್ರಶ್ನೆಗಳು ಬೇರೆ. ರಾತ್ರಿ ಎಲ್ಲಿ ಮಲಗುತ್ತೀರಿ? ಶೌಚಾಲಯ ಎಲ್ಲಿದೆ? ಬಟ್ಟೆ ಚೈನಿಗೆ ಸಿಕ್ಕಿದರೆ? ಇವು ತಡೆಯುವ ಪ್ರಶ್ನೆಗಳಲ್ಲ, ತಯಾರಿಯ ಪ್ರಶ್ನೆಗಳು. ಬೆಟ್ಟದ ಮೇಲೆ ಡೇರೆ ಹಾಕುವ ಬಗ್ಗೆ ಹುಡುಗರು ಮಾತಾಡುವಾಗ ಬೆಂಕಿ, ಹಾಡು, ನಕ್ಷತ್ರ ಎಲ್ಲ ಬರುತ್ತವೆ, ಶೌಚಾಲಯ ಬರುವುದೇ ಇಲ್ಲ. ಹುಡುಗಿಯರು ಹೋಗುವುದು, ಬಿಡುವುದು ಅಲ್ಲೇ ತೀರ್ಮಾನವಾಗುತ್ತದೆ. ಹೇಗೂ ಕಾಡಿನಲ್ಲಿ ಅನುಮತಿಯಿಲ್ಲದೆ ಎಲ್ಲೆಂದರಲ್ಲಿ ಡೇರೆ ಹಾಕುವಂತಿಲ್ಲ, ಹಾಕಲೂಬಾರದು. ಅಬ್ಬಾರ ಪರಿಚಯದ, ಕಾಫಿ ತೋಟದಲ್ಲಿ ಕೆಲಸ ಮಾಡುವ ಒಬ್ಬರ ಮನೆಯಂಗಳದಲ್ಲಿ ನಾವು ಹಾಕಿದೆವು. ಆ ಮನೆಯ ಅಜ್ಜಿ ರಾತ್ರಿ ಎರಡು ಸಲ ಬಂದು, "ಚಳಿ ಆಗ್ತದೆ, ಒಳಗೆ ಬಂದು ಮಲಗ್ರವ್ವಾ" ಎಂದು ಕರೆದರು. ಚಳಿ ಮೇಲಿನಿಂದ ಬರುವುದಕ್ಕಿಂತ ನೆಲದಿಂದ ಏರುತ್ತದೆ ಎಂದು ಗೊತ್ತಾದದ್ದು ಆಗಲೇ. ಅಜ್ಜಿ ಕೊಟ್ಟ ನಾಲ್ಕು ಗೋಣಿಚೀಲ ಕೆಳಗೆ ಹಾಸಿದ ಮೇಲೆ ನಿದ್ದೆ ಬಂತು. ಬೆಳಿಗ್ಗೆ ಡೇರೆಯ ಒಳಗೋಡೆಯೆಲ್ಲ ಒದ್ದೆ. ಮಳೆ ಬಂದಿರಲಿಲ್ಲ, ನಮ್ಮ ಉಸಿರೇ ತಣ್ಣಗಿನ ಬಟ್ಟೆಗೆ ತಾಗಿ ನೀರಾಗಿತ್ತು.

ಬಟ್ಟೆಯ ವಿಷಯ ಇನ್ನೂ ಸರಳ. ಸರ್ಕಾರ ಕೊಟ್ಟ ಲೇಡೀಸ್ ಸೈಕಲ್‌ಗೆ ಚೈನ್ ಕವರ್ ಇದೆ. ಸಲ್ವಾರಿನ ಕಾಲಿಗೆ ರಬ್ಬರ್ ಬ್ಯಾಂಡ್, ದುಪಟ್ಟಾಗೆ ಎರಡು ಪಿನ್, ತಲೆಗೆ ಬಿಗಿಯಾದ ಸ್ಕಾರ್ಫ್, ಅದರ ಮೇಲೆ ಹೆಲ್ಮೆಟ್. ನಿಜವಾದ ಭಯ ಇರುವುದು ಇಳಿಜಾರಿನಲ್ಲಿ. ನಮ್ಮ ಸೈಕಲ್‌ಗಳ ರಾಡ್ ಬ್ರೇಕ್ ಊರಿನ ರಸ್ತೆಗೆ ಸಾಕು, ಘಾಟಿಗೆ ಸಾಲದು. ಒಂದೇ ಸಮನೆ ಹಿಡಿದರೆ ರಬ್ಬರ್ ಕಾದು ಹಿಡಿತ ಸಡಿಲವಾಗುತ್ತದೆ. ಆದ್ದರಿಂದ ಕಡಿದಾದ ಇಳಿಜಾರುಗಳಲ್ಲೂ ಇಳಿದು ನಡೆದೆವು. ಬೆಟ್ಟ ಹತ್ತುವಾಗ ನಡಿಗೆ, ಇಳಿಯುವಾಗಲೂ ನಡಿಗೆ! ಶನಿವಾರ, ಭಾನುವಾರ ಅಲ್ಲಿ ಪ್ರವಾಸಿಗರ ವಾಹನಗಳ ಸಾಲು ಇರುವುದರಿಂದ ಕಾಲೇಜಿನವರು ವಾರದ ನಡುವಿನ ದಿನಗಳನ್ನೇ ಆರಿಸಬೇಕು.

ತಳ್ಳುವುದು ಅವಮಾನ ಎಂದುಕೊಳ್ಳುವವರಿಗೆ ಐರ್ಲೆಂಡಿನ ಡರ್ವ್ಲಾ ಮರ್ಫಿಯ ವಿಷಯ ಹೇಳಬೇಕು. ಆಕೆಯ ಹತ್ತನೇ ಹುಟ್ಟುಹಬ್ಬಕ್ಕೆ ಒಂದು ಹಳೆಯ ಸೈಕಲ್, ಒಂದು ಹಳೆಯ ಅಟ್ಲಾಸ್ ಸಿಕ್ಕಿದವು. ಎರಡನ್ನೂ ಸೇರಿಸಿ ಯೋಚಿಸಿ ಭಾರತಕ್ಕೆ ಸೈಕಲ್‌ನಲ್ಲಿ ಹೋಗಬೇಕೆಂದು ಆಗಲೇ ನಿರ್ಧರಿಸಿದಳು. ಹೊರಟದ್ದು 1963ರ ಜನವರಿಯಲ್ಲಿ, 31ನೇ ವಯಸ್ಸಿನಲ್ಲಿ, ಒಬ್ಬಳೇ. ತುರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ದೆಹಲಿ ಸೇರಿದಳು. ನನಗೆ ಇಷ್ಟವಾದ ಸಂಗತಿ ಇನ್ನೊಂದು. ಆಕೆಯ ಸೈಕಲ್‌ಗೆ ಗೇರ್ ಇತ್ತು, ಆ ರಸ್ತೆಗಳಲ್ಲಿ ಅದು ಬಾಳಿಕೆ ಬರುವುದಿಲ್ಲವೆಂದು ಹೊರಡುವ ಮೊದಲೇ ತೆಗೆಸಿಹಾಕಿದಳು. ಹಿಮಾಲಯದ ಕಣಿವೆಗಳಲ್ಲಿ ಸೈಕಲ್ ತಳ್ಳಿದಳು, ಕೆಲವೆಡೆ ಹೊತ್ತಳು. ಅವಳನ್ನು ಯಾರೂ ಪಾದಚಾರಿ ಎಂದು ಕರೆಯುವುದಿಲ್ಲ.

ಒಂಟಿಯಾಗಿ ಕಳಿಸಿ ಎಂದು ನಾನು ಕೇಳುತ್ತಿಲ್ಲ. ನನ್ನ ಜೊತೆ ಅಬ್ಬಾ ಇದ್ದರು, ಎಲ್ಲರ ಅಬ್ಬಾರಿಗೂ ಅಂಗಡಿ ಮುಚ್ಚಿ ಎರಡು ದಿನ ಬರಲು ಆಗುವುದಿಲ್ಲ. ಅದಕ್ಕೇ ಕಾಲೇಜನ್ನು ಕೇಳುತ್ತಿದ್ದೇನೆ. ಇಬ್ಬರು ಮೇಡಂ, ಇಬ್ಬರು ಸರ್, ಸಾಮಾನಿಗೆ ಒಂದು ಆಟೋ, ರಾತ್ರಿಗೆ ಯಾವುದಾದರೂ ಶಾಲೆಯ ಮೈದಾನ ಇದ್ದರೆ ಸಾಕು. ಬೆಟ್ಟಕ್ಕೇ ಹೋಗಬೇಕೆಂದಿಲ್ಲ, ಮೊದಲ ವರ್ಷ ಸಖರಾಯಪಟ್ಟಣದ ಅಯ್ಯನಕೆರೆಯವರೆಗೆ ಹೋದರೂ ಆಗುತ್ತದೆ. ಮನೆಯಲ್ಲಿ ಕೇಳುವಾಗ "ಗೆಳತಿಯರ ಜೊತೆ ಹೋಗುತ್ತೇನೆ" ಎಂಬುದಕ್ಕೂ "ಕಾಲೇಜಿನಿಂದ ಕರೆದುಕೊಂಡು ಹೋಗುತ್ತಾರೆ" ಎಂಬುದಕ್ಕೂ ಎಷ್ಟು ವ್ಯತ್ಯಾಸ ಎಂದು ಈ ಕಾಲೇಜಿನ ಪ್ರತಿಯೊಬ್ಬ ಹುಡುಗಿಗೂ ಗೊತ್ತು.

ಹೆಸರು ಬರೆಸಲು ಒಂದು ನೋಟ್‌ಬುಕ್ ಇಟ್ಟಿದ್ದೇನೆ, ಮಧ್ಯಾಹ್ನದ ಬಿಡುವಿನಲ್ಲಿ ಲೈಬ್ರರಿ ಮೆಟ್ಟಿಲ ಬಳಿ ಸಿಗುತ್ತೇನೆ. ಇದನ್ನು ಬರೆಯುವ ಹೊತ್ತಿಗೆ ಹದಿಮೂರು ಹೆಸರು ಬಂದಿವೆ, ಅದರಲ್ಲಿ ಎಂಟು ಹುಡುಗಿಯರದು. ಸೈಕಲ್ ಇರುವುದು ಆರು ಜನರ ಬಳಿ. ಅಟ್ಟದ ಮೇಲೆ, ಹಿತ್ತಲಿನಲ್ಲಿ ಹಳೆಯದು ಇದ್ದವರು ಇಳಿಸಿ ತಂದರೆ ಎಣ್ಣೆ ಬಿಡುವ ಕೆಲಸ ನನ್ನದು, ಪಂಕ್ಚರ್ ನನ್ನ ತಮ್ಮನದು.