ಅಭಿಷಿಕ್ತರ ಅಂಗಿಯ ಅಂಚು

ಸಭಾಪಾಲಕರ ನಡತೆಯ ಬಗ್ಗೆ ಬಾಯಿ ತೆರೆದರೆ ಸಾಕು, ನಮ್ಮವರ ಬಳಿ ಉತ್ತರ ಸಿದ್ಧವಾಗಿರುತ್ತದೆ: ದೇವರ ಅಭಿಷಿಕ್ತರನ್ನು ಮುಟ್ಟಬಾರದು. ಊರಿನಲ್ಲೂ ಕೇಳಿದ್ದೇನೆ, ಇಲ್ಲಿ ಚೆನ್ನೈಯಲ್ಲೂ ಕೇಳುತ್ತಿದ್ದೇನೆ. ರವಿ ಜಕರಿಯಾಸ್ ಹೆಸರೆತ್ತಿದರೆ ಇನ್ನೊಂದು ಸೇರಿಕೊಳ್ಳುತ್ತದೆ: ಸತ್ತವರ ಮಾತು ಈಗ ಯಾಕೆ, ಅವರಿಂದ ಎಷ್ಟು ಜನ ನಂಬಿಕೆಗೆ ಬಂದರು!

ಇದೇ ಮದರಾಸಿನಲ್ಲಿ 1946ರಲ್ಲಿ ಹುಟ್ಟಿ, ಅಮೆರಿಕದ ಅಟ್ಲಾಂಟಾದಲ್ಲಿ ಕೂತು ಜಗತ್ತಿಗೆಲ್ಲ ಉಪನ್ಯಾಸ ಕೊಟ್ಟವರು ಅವರು. ಆ ಭಾಷಣಗಳನ್ನು ಕೇಳಿ ವಾದ ಮಾಡಲು ಕಲಿತವರಲ್ಲಿ ನಾನೂ ಒಬ್ಬಳು. 2017ರಲ್ಲಿ ಕೆನಡಾದ ಮಹಿಳೆಯೊಬ್ಬರು ದೂರಿದಾಗ, ಆಕೆ ಮತ್ತು ಆಕೆಯ ಗಂಡನ ಮೇಲೆಯೇ ಮೊಕದ್ದಮೆ ಹೂಡಿದರು. ಬಾಯಿ ಬಿಡಬಾರದೆಂಬ ಷರತ್ತಿನ ರಾಜಿಯಲ್ಲಿ ಅದು ಮುಗಿಯಿತು. 2020ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರೇ ಪಾಲುದಾರರಾಗಿದ್ದ ಸ್ಪಾಗಳಲ್ಲಿ ದುಡಿದ ಹೆಂಗಸರು ಆಮೇಲೆ ಮಾತಾಡಿದರು. ನಾವು ಕಂಡ ರವಿ ಅಂಥವರಲ್ಲ ಎಂದು ಸಂಸ್ಥೆ ಹೇಳಿತು. 2021ರ ಫೆಬ್ರವರಿಯಲ್ಲಿ, ತಾನೇ ನೇಮಿಸಿದ ವಕೀಲರ ವರದಿ ಬಂದ ಮೇಲೆ ಒಪ್ಪಿಕೊಂಡಿತು.

ನನ್ನ ಸಿಟ್ಟು ಹೆಚ್ಚಾಗಿ ಆ ಆಡಳಿತ ಮಂಡಳಿಯ ಮೇಲೆ. ಅದರ ಸದಸ್ಯರ ಹೆಸರನ್ನೇ ಹೊರಗೆ ಹೇಳುತ್ತಿರಲಿಲ್ಲ. ಕಾಣಿಕೆ ಕೊಟ್ಟವರು ಲೆಕ್ಕ ಕೇಳಬೇಕಾದ್ದು ಯಾರನ್ನು? ನಮ್ಮೂರ ಹಾಲಿನ ಸೊಸೈಟಿಯಲ್ಲೂ ನಿರ್ದೇಶಕರ ಹೆಸರು ಗೋಡೆಯ ಮೇಲಿದೆ.

ಇನ್ನು ಆ 'ಅಭಿಷಿಕ್ತ' ಎಂಬ ಗುರಾಣಿ. ಸಮುವೇಲನ ಮೊದಲ ಪುಸ್ತಕದ 24ನೇ ಅಧ್ಯಾಯ ತೆರೆದು ನೋಡಿ. ಗವಿಯಲ್ಲಿ ಕೈಗೆ ಸಿಕ್ಕ ಸೌಲನನ್ನು ದಾವೀದ ಅಭಿಷಿಕ್ತನೆಂದು ಕೊಲ್ಲದೆ ಬಿಟ್ಟ. ನಮ್ಮವರು ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಆಮೇಲೆ ದಾವೀದ ಗವಿಯಿಂದ ಹೊರಬಂದು, ತಾನು ಕತ್ತರಿಸಿದ್ದ ಅರಸನ ನಿಲುವಂಗಿಯ ಅಂಚನ್ನು ಕೈಯಲ್ಲಿ ಹಿಡಿದು, ಅನ್ಯಾಯವನ್ನು ಅವನ ಮುಖಕ್ಕೇ ಕೂಗಿ ಹೇಳಿದ. ಸಾಕ್ಷಿ ಸಮೇತ! ಕತ್ತಿ ಎತ್ತಲಿಲ್ಲ, ಅಷ್ಟೆ. ಅದೇ ದಾವೀದ ಅರಸನಾಗಿ ಊರೀಯನ ಹೆಂಡತಿಯ ವಿಷಯದಲ್ಲಿ ಕೆಟ್ಟಾಗ, ನಾತಾನ ಅವನೆದುರಿಗೇ ಹೋಗಿ ನಿಂತ. ಪೌಲ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ ಸಭಾಧ್ಯಕ್ಷನ ಅರ್ಹತೆಗಳ ಪಟ್ಟಿಯಿದೆ. ಬೋಧಿಸಬಲ್ಲವನಾಗಿರಬೇಕು ಎಂಬುದೊಂದು ಸಾಮರ್ಥ್ಯದ ಮಾತು. ಉಳಿದದ್ದು ಹೆಚ್ಚುಕಡಿಮೆ ನಡತೆಯದೇ. ನಾವು ಆ ಒಂದನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಬಿಟ್ಟೆವು.

ಪರವೂರಿನ ಕನ್ನಡ ಸಭೆಗಳು ಚಿಕ್ಕವು. ಭಾನುವಾರದ ಎರಡು ಗಂಟೆ ತವರಿಗೆ ಹೋಗಿ ಬಂದ ಹಾಗಿರುತ್ತದೆ, ಮನಸ್ತಾಪ ಯಾರಿಗೂ ಬೇಡ. ಆದರೂ ಮುಂದಿನ ವಾರ್ಷಿಕ ಸಭೆಯಲ್ಲಿ ಕೇಳುವವಳಿದ್ದೇನೆ: ಪಾಸ್ಟರ್ ಮೇಲೆಯೇ ದೂರಿದ್ದರೆ ಯಾರಿಗೆ ಕೊಡಬೇಕು? ಅವರ ಹೆಸರು, ಫೋನ್ ನಂಬರು ನೋಟೀಸ್ ಬೋರ್ಡಿನಲ್ಲಿ ಬರಲಿ. ಅವರು ಪಾಸ್ಟರ ಭಾವನೋ ಮೈದುನನೋ ಆಗಿರದಿದ್ದರೆ ಒಳ್ಳೆಯದು.