ಎರಡು ಬಾಗಿಲ ಮೋಟಾರು

ಹಳೆಯ ಮೋಟಾರು ಗಾಡಿಯನ್ನು ಗೃಹಸ್ಥನಾದವನು ಇಟ್ಟುಕೊಳ್ಳಬಹುದೇ, ಅಥವಾ ಬಂದಷ್ಟು ಬರಲೆಂದು ಮಾರಿಬಿಡುವುದು ಲೇಸೇ ಎಂಬ ಪ್ರಶ್ನೆ ಈಗ ಅನೇಕ ಮನೆಗಳಲ್ಲಿ ಏಳುತ್ತಿರುವುದು. ಈ ವಿಷಯದಲ್ಲಿ ಮಾತನಾಡುವ ಅಧಿಕಾರವು ನಮಗೆ ವಿದ್ಯೆಯಿಂದ ಬಂದುದಲ್ಲ. ಪಟ್ಟ ಪಾಡಿನಿಂದ ಬಂದುದು. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಹುಡುಗರಿಂದ ಶಬ್ದರೂಪ, ಧಾತುರೂಪಗಳನ್ನು ಒಪ್ಪಿಸಿಕೊಂಡು, ಈಗ ವಿಶ್ರಾಂತರಾಗಿ ದೋಣಿಮಲೈಯ ತಪ್ಪಲಿನಲ್ಲಿ ನೆಲೆಸಿರುವ ನಮ್ಮ ಮನೆಯ ಮುಂದೆ, ಬೆಳ್ಳಿಬಣ್ಣದ, ಎರಡೇ ಬಾಗಿಲಿನ, ಶ್ರೀಮಂತರ ವಿಹಾರಕ್ಕೆಂದೇ ನಿರ್ಮಿತವಾದ ಒಂದು ವಿದೇಶೀ ಗಾಡಿ ನಿಂತಿರುವುದು. ಕಂಡವರು ನಗುವುದುಂಟು. ನಗುವುದರಲ್ಲಿ ತಪ್ಪೇನೂ ಇಲ್ಲ.

ಇಂತಹ ಗಾಡಿಗೆ ‘ಕೂಪೆ’ ಎಂದು ಹೆಸರು. ಫ್ರೆಂಚರ ಮಾತಿನಲ್ಲಿ ಇದಕ್ಕೆ ‘ಕತ್ತರಿಸಿದ್ದು’ ಎಂದರ್ಥ. ಎದುರುಬದುರಾಗಿ ನಾಲ್ವರು ಕೂಡುವ ಕುದುರೆ ಸಾರೋಟಿನ ಮುಂದಿನ ಭಾಗವನ್ನು ಕತ್ತರಿಸಿದಂತೆ ಮಾಡಿ, ಇಬ್ಬರಿಗೆ ಮಾತ್ರ ಎಡೆಯಿಟ್ಟ ಸಾರೋಟಿಗೆ ಮೊದಲು ಬಂದ ಹೆಸರು ಅದು; ಮೋಟಾರಿಗೆ ಆಮೇಲೆ ಅಂಟಿತು. ನಮ್ಮ ಗಾಡಿಯಲ್ಲಿ ಹಿಂದೆಯೂ ಎರಡು ಆಸನಗಳುಂಟು. ಆದರೆ ಕಾಯಿಪಲ್ಯದ ಚೀಲಕ್ಕಲ್ಲದೆ ಮನುಷ್ಯರಿಗೆ ಅವು ಹಿತವಲ್ಲ.

ಇದು ನಮ್ಮ ಮನೆಗೆ ಬಂದ ಬಗೆಯನ್ನು ಹೇಳದೆ ಮುಂದುವರಿಯುವಂತಿಲ್ಲ. ಸಂಡೂರು ಸೀಮೆಗೆ ಕಬ್ಬಿಣದ ಅದಿರು ಹೊಸದಲ್ಲ. ದೋಣಿಮಲೈಯ ಸರಕಾರಿ ಗಣಿಯೇ 1977ರಲ್ಲಿ ಆರಂಭವಾದುದು. ಆದರೆ 2003ರ ಸುಮಾರಿನಿಂದ ಚೀನಾ ದೇಶದ ಉಕ್ಕಿನ ಕುಲುಮೆಗಳ ಹಸಿವು ಹೆಚ್ಚಿ ಅದಿರಿನ ಬೆಲೆ ಏರತೊಡಗಿದಾಗ, ಈ ಸೀಮೆಯಲ್ಲಿ ಎತ್ತಿನ ಬಂಡಿಯಿದ್ದವನು ಲಾರಿಯನ್ನೂ, ಲಾರಿಯಿದ್ದವನು ವಿದೇಶೀ ಮೋಟಾರನ್ನೂ ಬಯಸಿದನು. ನಮ್ಮ ತಮ್ಮನ ಮಗನೂ ಸಾಲಮಾಡಿ ಎರಡು ಲಾರಿಗಳ ಒಡೆಯನಾಗಿ, 2007ರ ಈ ಗಾಡಿಯನ್ನು 2009ರಲ್ಲಿ ಬೇರೊಬ್ಬರಿಂದ ಕೊಂಡುತಂದನು. ಮರುವರ್ಷ ಮೂರನೆಯ ಲಾರಿಗೆಂದು ನಮ್ಮಿಂದ ನಾಲ್ಕು ಲಕ್ಷ ರೂಪಾಯಿಗಳನ್ನು ಕೈಗಡವಾಗಿ ಒಯ್ದನು. ಅದು ನಾವು ಮಾಳಿಗೆ ಕಟ್ಟಿಸಲೆಂದು ಕೂಡಿಟ್ಟ ಹಣ. 2011ನೆಯ ಇಸವಿ ಜುಲೈ 29ರಂದು ಬಳ್ಳಾರಿ ಸೀಮೆಯ ಗಣಿಗಾರಿಕೆಯನ್ನು ನಿಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. ಅಕ್ರಮ ಗಣಿಗಳಿಂದ ನಮ್ಮ ಬೆಟ್ಟಗಳಿಗೆ ಆದ ಗತಿಯನ್ನು ಕಂಡವರು ಆ ಆಜ್ಞೆಯನ್ನು ಅನ್ಯಾಯವೆನ್ನಲಾರರು. ಆದರೆ ಹುಡುಗನ ಲಾರಿಗಳು ನಿಂತಲ್ಲಿಯೇ ನಿಂತವು. ಸಾಲ ಕೊಟ್ಟವರು ಅವನ್ನು ಎಳೆದೊಯ್ದರು. 2014ರ ಒಂದು ಸಂಜೆ ಅವನು ಈ ಮೋಟಾರನ್ನು ನಮ್ಮ ಅಂಗಳದಲ್ಲಿ ನಿಲ್ಲಿಸಿ, ಕೀಲಿಕೈಯನ್ನು ದೇವರ ಗೂಡಿನ ಮುಂದಿಟ್ಟು, “ದೊಡ್ಡಪ್ಪಾ, ದುಡ್ಡು ಕೊಡುವ ಶಕ್ತಿ ನನಗಿಲ್ಲ. ಇದನ್ನಾದರೂ ಇಟ್ಟುಕೊಳ್ಳಿ” ಎಂದು ಹೇಳಿ ಹೊರಟುಹೋದನು. ಆಮೇಲೆ ಹಬ್ಬಕ್ಕೂ ಬರಲಿಲ್ಲ, ತಿಥಿಗೂ ಬರಲಿಲ್ಲ. ಇವನು ಕೃತಘ್ನನೆಂದು ನಾವು ನಿಶ್ಚಯಿಸಿಕೊಂಡೆವು.

ಐಶ್ವರ್ಯದ ವಸ್ತುವು ಅಗ್ಗವಾಗಿ ದೊರೆತರೂ ಅದರ ಪೋಷಣೆ ಅಗ್ಗವಾಗುವುದಿಲ್ಲವೆಂಬುದನ್ನು ನಾವು ಬೇಗನೆ ಕಲಿತೆವು. ಗಾಡಿಯ ನೋಂದಣಿಗೆ ಹದಿನೈದು ವರ್ಷ ತುಂಬಿದುದು 2022ರಲ್ಲಿ. ಆ ವರ್ಷದ ಏಪ್ರಿಲ್ ಒಂದರಿಂದಲೇ ನೋಂದಣಿಯನ್ನು ನವೀಕರಿಸುವ ಶುಲ್ಕವು ದೇಶೀ ಕಾರಿಗೆ 5,000 ರೂಪಾಯಿಗಳಿಗೂ, ಆಮದಾದ ಕಾರಿಗೆ 40,000 ರೂಪಾಯಿಗಳಿಗೂ ಏರಿತ್ತು. ಇಪ್ಪತ್ತು ವರ್ಷ ಮೀರಿದವುಗಳಿಗೆ 2025ರಲ್ಲಿ ಇದು ಇಮ್ಮಡಿಯಾಗಿದೆ. ಮಾರೋಣವೆಂದರೆ ಕೇಳುವವರು ಹೇಳಿದ ಬೆಲೆಯು ನಾವು ಅದುವರೆಗೆ ರಿಪೇರಿಗೆ ಸುರಿದ ಹಣಕ್ಕೂ ಸಾಲದು.

ಇರಲಿ, ಈಗ ರೋಗದ ವಿಚಾರಕ್ಕೆ ಬರೋಣ. ಕಳೆದ ವರ್ಷ ಮಳೆಗಾಲ ಮುಗಿಯುತ್ತಲೇ ಗಾಡಿಯು ಒಂದು ವಿಚಿತ್ರ ವ್ರತವನ್ನು ಹಿಡಿಯಿತು. ದಿನವೂ ಓಡಿಸಿದರೆ ಸರಿಯಾಗಿ ಹೊರಡುವುದು. ನಾಲ್ಕು ದಿನ ನಿಲ್ಲಿಸಿದರೆ ಕೀಲಿಕೈ ತಿರುವಿದಾಗ ‘ಟಿಕ್’ ಎಂದು ಸುಮ್ಮನಾಗುವುದು. ಬ್ಯಾಟರಿ ಸತ್ತಿದೆಯೆಂದು ಎಲ್ಲರೂ ಒಕ್ಕೊರಲಿನಿಂದ ಹೇಳಿದರು. ಹೊಸದನ್ನು ಹಾಕಿಸಿದೆವು. ನಾಲ್ಕೇ ದಿನಕ್ಕೆ ಅದೂ ಬರಿದಾಯಿತು. ಅಂಗಡಿಯ ಮಾಲು ಸರಿಯಿಲ್ಲವೆಂದು ಬೇರೆ ಅಂಗಡಿಯಿಂದ ಇನ್ನೊಂದನ್ನು ತಂದೆವು. ಅದರ ಹಣೆಬರಹವೂ ಅದೇ ಆಯಿತು. ಒಂದೊಂದಕ್ಕೆ ಹತ್ತು ಸಾವಿರದಷ್ಟು ಖರ್ಚು. ಪಿಂಚಣಿಯವನಿಗೆ ಇದು ಸಣ್ಣ ಮಾತಲ್ಲ.

ಆಗ ನಮ್ಮ ಗೃಹಿಣಿಯು ಒಂದು ಮಾತು ಹೇಳಿದರು: “ನೋಡಿ, ಕೆಂಧೂಳು ನಾನು ಕೂಡುವ ಎಡಗಡೆಯ ಆಸನದ ಮೇಲೆ ಮಾತ್ರ ಬೀಳುತ್ತದೆ. ನನ್ನ ಸೆರಗೆಲ್ಲ ಕೆಂಪಾಗುತ್ತದೆ. ನಿಮ್ಮ ಕಡೆ ಏಕಿಲ್ಲ?” ಅದಿರಿನ ಧೂಳು ಈ ಸೀಮೆಯಲ್ಲಿ ಎಲ್ಲಿಲ್ಲವೆಂದು ನಾವು ಹಾಸ್ಯಮಾಡಿದೆವು. ಹಾಗೆ ಮಾಡಬಾರದಾಗಿತ್ತು.

ಮೋಟಾರಿನ ಚರಿತ್ರೆಯಲ್ಲಿ ಮೊತ್ತಮೊದಲ ದೂರಪ್ರಯಾಣವನ್ನು ಮಾಡಿದವಳು ಒಬ್ಬ ಗೃಹಿಣಿಯೇ ಎಂಬುದನ್ನು ಇಲ್ಲಿ ನೆನೆಯತಕ್ಕದ್ದು. 1888ನೆಯ ಇಸವಿ ಆಗಸ್ಟಿನಲ್ಲಿ ಬರ್ತಾ ಬೆಂಜ್ ಎಂಬಾಕೆ, ಪತಿ ಕಾರ್ಲ್ ಬೆಂಜನು ಕಟ್ಟಿದ್ದ ಮೂರು ಚಕ್ರದ ಗಾಡಿಯಲ್ಲಿ, ಅವನಿಗೆ ಹೇಳದೆಯೇ ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು, ಜರ್ಮನಿಯ ಮನ್‌ಹೈಮಿನಿಂದ ತನ್ನ ತವರಾದ ಫೋರ್ಟ್ಸ್‌ಹೈಮಿಗೆ, ನೂರು ಕಿಲೋಮೀಟರಿಗೂ ಹೆಚ್ಚು ದೂರ ನಡೆಸಿದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಗೆ ಚುಚ್ಚುವ ಸೂಜಿಯಿಂದ ಬಿಡಿಸಿದಳಂತೆ. ವಿದ್ಯುತ್ತಿನ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದಳಂತೆ. ಬ್ರೇಕಿನ ಕಟ್ಟಿಗೆ ಸವೆದಾಗ ಚಮ್ಮಾರನಿಂದ ತೊಗಲು ಹೊಡೆಸಿದಳಂತೆ. ದಾರಿಯ ವೀಸ್‌ಲೋಖ್ ಊರಿನ ಔಷಧದ ಅಂಗಡಿಯಲ್ಲಿ ಇಂಧನ ಕೊಂಡಳಂತೆ. ಕೈಯಲ್ಲಿರುವ ವಸ್ತುವಿನಿಂದ ಕೆಲಸ ಸಾಗಿಸುವುದೂ, ಎಲ್ಲಿ ಏನು ಬದಲಾಗಿದೆಯೆಂದು ಕಣ್ಣಿಟ್ಟು ನೋಡುವುದೂ ಮನೆ ನಡೆಸುವವರಿಗೆ ದಿನನಿತ್ಯದ ಅಭ್ಯಾಸವಷ್ಟೆ.

ಆ ರಾತ್ರಿ ನಾವು ಯೋಚಿಸಿದೆವು. ತರ್ಕಶಾಸ್ತ್ರದ ಮೊದಲ ಪಾಠವನ್ನು ಅನ್ನಂಭಟ್ಟನ ತರ್ಕಸಂಗ್ರಹದಿಂದ ಕಲಿತ ನಮಗೆ ಅದು ಮೋಟಾರಿನ ವಿಷಯದಲ್ಲಿ ಏಕೆ ನೆನಪಾಗಲಿಲ್ಲ? ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯುಂಟೆಂದು ಊಹಿಸುವುದು ಸರಿ. ಏಕೆಂದರೆ ಬೆಂಕಿಯಿಲ್ಲದೆ ಹೊಗೆಯಿಲ್ಲ. ಆದರೆ ಬೆಂಕಿ ಕಂಡಲ್ಲೆಲ್ಲ ಹೊಗೆಯುಂಟೆಂದು ಹೇಳಲಾಗದು. ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೀಗೆ ಎರಡು ಕಡೆಗೂ ಜಾರುವ ಕಾರಣವನ್ನು ಶಾಸ್ತ್ರಕಾರರು ‘ಸವ್ಯಭಿಚಾರ’ವೆಂದು ತಳ್ಳಿದರು. ಬ್ಯಾಟರಿ ಬರಿದಾಗುವುದು ಅಂತಹದೇ ಗುರುತು. ಬ್ಯಾಟರಿ ಕೆಟ್ಟರೂ ಬರಿದಾಗುವುದು. ಒಳ್ಳೆಯ ಬ್ಯಾಟರಿಯನ್ನು ಯಾರೋ ಒಳಗಿಂದೊಳಗೆ ಕುಡಿಯುತ್ತಿದ್ದರೂ ಬರಿದಾಗುವುದು. ಇನ್ನು, ಎರಡು ಲಕ್ಷಣಗಳಿಗೆ ಒಂದೇ ಕಾರಣ ಸಾಲುವುದಾದರೆ ಎರಡನ್ನು ಕಲ್ಪಿಸಬಾರದೆಂಬ ‘ಲಾಘವ’ ನ್ಯಾಯವೂ ಉಂಟು. ಬ್ಯಾಟರಿ ಬರಿದಾಗುವುದಕ್ಕೂ ಎಡಗಡೆಯ ಧೂಳಿಗೂ ಕಾರಣ ಒಂದೇ ಏಕಾಗಬಾರದು?

ಫ್ಯೂಸುಗಳ ಪೆಟ್ಟಿಗೆ ಎಲ್ಲಿದೆಯೆಂದೇ ನಮಗೆ ತಿಳಿಯದು. ತಿಳಿದವನು ಒಬ್ಬನೇ. ಹತ್ತು ವರ್ಷದ ಮೇಲೆ ಹುಡುಗನಿಗೆ ದೂರವಾಣಿಯಲ್ಲಿ ಮಾತನಾಡಿದೆವು. ಕುಶಲವನ್ನೂ ಕೇಳದೆ ಫ್ಯೂಸಿನ ಪ್ರಶ್ನೆಯನ್ನೇ ಕೇಳಿದೆವೆಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಅವನು ಒಂದು ನಿಮಿಷ ಸುಮ್ಮನಿದ್ದು, “ನಾಳೆ ನಾನೇ ಬರುತ್ತೇನೆ, ದೊಡ್ಡಪ್ಪಾ” ಎಂದನು. ತೋರಣಗಲ್ಲಿನಲ್ಲಿ ಲಾರಿಗಳ ವಿದ್ಯುತ್ತಿನ ಕೆಲಸಮಾಡಿ ಅವನು ಹೊಟ್ಟೆ ಹೊರೆಯುತ್ತಿದ್ದನೆಂಬುದು ನಮಗೆ ಆಗ ತಿಳಿಯಿತು.

ಮರುದಿನ ಬಂದವನು ಬ್ಯಾಟರಿಯ ಋಣದ ತಂತಿಯನ್ನು ಬಿಚ್ಚಿ, ನಡುವೆ ಮೀಟರನ್ನು ಸೇರಿಸಿ, ಬಾಗಿಲುಗಳನ್ನು ಹಾಕಿ, ಅರ್ಧ ಗಂಟೆ ಕಾಯಬೇಕೆಂದನು. ಈಗಿನ ಗಾಡಿಗಳಲ್ಲಿ ಇರುವ ಹತ್ತಾರು ಪುಟ್ಟ ಗಣಕಯಂತ್ರಗಳು ನಿದ್ರೆಹೋಗಲು ಅಷ್ಟು ಹೊತ್ತು ಬೇಕಂತೆ. ಅವು ಮಲಗಿದ ಮೇಲೆ 50 ಮಿಲಿ ಆಂಪಿಯರಿಗಿಂತ ಹೆಚ್ಚು ವಿದ್ಯುತ್ತು ಹರಿಯಬಾರದು. ನಮ್ಮ ಗಾಡಿಯಲ್ಲಿ ಹರಿಯುತ್ತಿದ್ದುದು 700! ಲೆಕ್ಕ ನೋಡಿ: 70 ಆಂಪಿಯರ್-ಗಂಟೆಯ ಬ್ಯಾಟರಿಯು 50 ಮಿಲಿ ಆಂಪಿಯರಿನಂತೆ ಖರ್ಚಾದರೆ 1,400 ಗಂಟೆ, ಎಂದರೆ ಐವತ್ತೆಂಟು ದಿನ ಬಾಳುವುದು, 700ರಂತೆ ಖರ್ಚಾದರೆ ನೂರೇ ಗಂಟೆ. ನಾಲ್ಕು ದಿನದ ವ್ರತದ ಗುಟ್ಟು ಇದು.

ಆಮೇಲೆ ಅವನು ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಹೋದನು. ಎಡ ಬಾಗಿಲಿನದನ್ನು ಕಿತ್ತು ಸ್ವಲ್ಪ ಹೊತ್ತು ಕಾದೊಡನೆ ಮುಳ್ಳು 40ಕ್ಕೆ ಇಳಿಯಿತು. ಮತ್ತೆ ಹಾಕಿದಾಗ ಏರಿತು. ಮತ್ತೆ ಕಿತ್ತಾಗ ಇಳಿಯಿತು. ಇದ್ದರೆ ಇರುವುದು, ಇಲ್ಲದಿದ್ದರೆ ಇಲ್ಲದಿರುವುದು: ನಮ್ಮವರು ಅನ್ವಯವ್ಯತಿರೇಕವೆಂದು ಕರೆದ ಪರೀಕ್ಷೆ ಇದೇ. ಕೂಪೆಯ ಬಾಗಿಲಿನಲ್ಲಿ ಗಾಜಿನ ಸುತ್ತ ಚೌಕಟ್ಟಿಲ್ಲ. ಹಿಡಿ ಎಳೆದಾಗ ಗಾಜು ಬೆರಳಗಲ ಕೆಳಗಿಳಿದು, ಬಾಗಿಲು ಹಾಕಿದ ಮೇಲೆ ಮೇಲೆದ್ದು ರಬ್ಬರಿನ ಪಟ್ಟಿಯಲ್ಲಿ ಸೇರಿಕೊಳ್ಳಬೇಕು. ಬಾಗಿಲು ಮುಚ್ಚಿತೆಂದು ತಿಳಿಸುವ ಕೆಲಸ ಬೀಗದೊಳಗಿನ ಒಂದು ಪುಟ್ಟ ಸ್ವಿಚ್ಚಿನದು. ಅದು ಸವೆದು, ಮುಚ್ಚಿದ ಬಾಗಿಲನ್ನು ತೆರೆದಿದೆಯೆಂದು ಸುಳ್ಳು ಹೇಳುತ್ತಿತ್ತು. ಆದುದರಿಂದ ಗಾಜು ಪೂರ್ತಿ ಏರಲಿಲ್ಲ, ಧೂಳು ನುಗ್ಗಿತು. ಗಾಡಿಯೂ ರಾತ್ರಿಯೆಲ್ಲ ಎಚ್ಚರವಾಗಿ ಒಡೆಯನ ದಾರಿ ಕಾಯಿತು. ಬಾಗಿಲು ತೆರೆದಿದೆಯೆಂಬ ಚಿಹ್ನೆ ಮುಂದಿನ ಫಲಕದಲ್ಲಿ ಆಗಾಗ ಮಿಣುಕಿದ್ದುಂಟು. ಮುದಿಗಾಡಿಯ ಗೊಣಗಾಟವೆಂದು ನಾವು ಗಣಿಸಿರಲಿಲ್ಲ. ಬೀಗವನ್ನು ಇಡಿಯಾಗಿ ತರಿಸಬೇಕಾದರೆ ಮೂವತ್ತು ಸಾವಿರವೆಂದು ಬೆಂಗಳೂರಿನಿಂದ ತಿಳಿದುಬಂತು. ಹುಡುಗನು ಬೀಗವನ್ನು ಬಿಚ್ಚಿ, ನೂರು ರೂಪಾಯಿಗೂ ಕಡಿಮೆ ಬೆಲೆಯ ಒಂದು ಸ್ವಿಚ್ಚನ್ನು ಬೆಸೆದು, ಸಂಜೆಯೊಳಗಾಗಿ ಕೆಲಸ ಮುಗಿಸಿದನು.

ಕೈ ತೊಳೆದುಕೊಳ್ಳುವಾಗ ಅವನು ತಲೆಯೆತ್ತದೆ, “ತಿಂಗಳಿಗೆ ಎರಡು ಸಾವಿರದಂತೆ ಕೊಡುತ್ತ ಬರುತ್ತೇನೆ. ಬರಿಗೈಯಲ್ಲಿ ಹೇಗೆ ಬರಲೆಂದು ಇಷ್ಟು ದಿನ ಬರಲಿಲ್ಲ” ಎಂದನು. ನಾವು ಉತ್ತರ ಹುಡುಕುವಷ್ಟರಲ್ಲಿ ಗೃಹಿಣಿಯು, “ಮೊದಲು ಊಟಕ್ಕೆ ಏಳು. ದುಡ್ಡಿನ ಮಾತು ದೊಡ್ಡಪ್ಪನ ಹತ್ತಿರ ಆಮೇಲೆ ಆಡು” ಎಂದರು. ಬರಲಿಲ್ಲವೆಂಬ ಗುರುತಿನಿಂದ ಕೃತಘ್ನನೆಂದು ನಾವು ಸಾಧಿಸಿದ್ದೆವಷ್ಟೆ! ನಾಚಿಕೆಯಿಂದಲೂ ಮನುಷ್ಯನು ಬಾರದಿರುವನೆಂಬುದು ನಮಗೆ ಹೊಳೆದಿರಲಿಲ್ಲ. ಬ್ಯಾಟರಿಯ ವಿಷಯದಲ್ಲಿ ಆದ ತಪ್ಪಿಗೆ ಇಪ್ಪತ್ತು ಸಾವಿರ ಹೋಯಿತು. ಈ ತಪ್ಪಿಗೆ ಹತ್ತು ವರ್ಷ.

ಇನ್ನು ವಾಚಕರಿಗೆ ಉಪಯೋಗವಾಗುವ ನಾಲ್ಕು ಮಾತು. ಹಳೆಯ ವಿಲಾಸೀ ಗಾಡಿಯನ್ನು ಅಗ್ಗವೆಂದು ಕೊಳ್ಳಬೇಡಿರಿ. ಬೆಲೆ ಇಳಿಯುವುದು ಗಾಡಿಗೆ, ಬಿಡಿಭಾಗಗಳಿಗಲ್ಲ. ನಮಗೆ ಬಂದಂತೆ ಬಂದು ಸೇರಿದ್ದರೆ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಿರಿ. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರುವುದರಿಂದ, ಗಾಡಿ ಓಡಲಿ ನಿಲ್ಲಲಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿರಿ. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳನ್ನು ಓದಿರಿ; 2318 ಎಂದಿದ್ದರೆ ಅದು 2018ರ ಇಪ್ಪತ್ತಮೂರನೆಯ ವಾರದಲ್ಲಿ ಹುಟ್ಟಿದುದು. ಮೈ ಸವೆಯದಿದ್ದರೂ ರಬ್ಬರು ಮುದಿಯಾಗುವುದು. ನಮ್ಮಂತೆ ಧೂಳಿನ ಸೀಮೆಯಲ್ಲಿರುವವರು ಗಾಳಿಯ ಸೋಸುಕವನ್ನು ಪುಸ್ತಕದಲ್ಲಿ ಹೇಳಿದ ಅವಧಿಯ ಅರ್ಧಕ್ಕೇ ನೋಡತಕ್ಕದ್ದು. ಹೊಗೆಯನ್ನೂ ಗಮನಿಸಿರಿ: ನೀಲಿಯಾದರೆ ಎಂಜಿನ್ನಿನ ಎಣ್ಣೆ ಸುಡುತ್ತಿರುವುದು, ಕಪ್ಪಾದರೆ ಪೆಟ್ರೋಲು ಅತಿಯಾಗಿರುವುದು, ಎಂಜಿನ್ನು ಕಾದ ಮೇಲೂ ಬಿಡದೆ ಬಿಳಿಯಾಗಿದ್ದರೆ ತಂಪಿನ ನೀರು ಒಳಗೆ ಸೋರುತ್ತಿರಬಹುದು. ಚಳಿಯ ಮುಂಜಾವಿನ ಬಿಳಿಹೊಗೆಯು ಬರಿಯ ಹಬೆ, ಅದಕ್ಕೆ ಅಂಜಬೇಕಾದುದಿಲ್ಲ. ಎಲ್ಲಕ್ಕೂ ಮೊದಲು, ಯಾವ ಭಾಗವನ್ನಾಗಲಿ ಬದಲಾಯಿಸುವ ಮುನ್ನ ದೋಷ ಅದರಲ್ಲಿಯೇ ಇದೆಯೆಂದು ಪರೀಕ್ಷಿಸಿ ನಿಶ್ಚಯಿಸಿಕೊಳ್ಳಿರಿ.

ಮಾರುವ ವಿಚಾರವನ್ನು ಸದ್ಯಕ್ಕೆ ಬಿಟ್ಟಿದ್ದೇವೆ. ಹುಡುಗನು ಈಗ ಪ್ರತಿ ಭಾನುವಾರ ಬರುತ್ತಾನೆ. ಗಾಡಿಯನ್ನು ಅರ್ಧ ಗಂಟೆ ಓಡಿಸಬೇಕಲ್ಲವೇ ಎಂಬುದು ಅವನು ಕೊಡುವ ಕಾರಣ. ದೊಡ್ಡಮ್ಮನನ್ನು ಮುಂದೆ ಕೂಡಿಸಿಕೊಂಡು ಸಂಡೂರಿನ ಸಂತೆಗೆ ಹೋಗಿಬರುತ್ತಾನೆ. ಹಿಂದಿನ ಆಸನದಲ್ಲಿ ಕಾಯಿಪಲ್ಯದ ಚೀಲದೊಡನೆ ಮೊಣಕಾಲು ಮಡಿಸಿ ಕೂಡುವವರು ನಾವು.